ನಾನು ಎರಡು ವರ್ಷ ಎಂದ ನಾಯಿ

ಎಪ್ಪತ್ತರ ದಶಕದಲ್ಲಿ ನಾನು ನೆಲಮಂಗಲದ ಆಚೆಗಿನ ಒಂದು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ಹಳ್ಳಿಯವರು ನನ್ನನ್ನೇ ‘ಡಾಕ್ಟ್ರೇ’ ಅನ್ನುತ್ತಿದ್ದರು. ಅಲ್ಲಪ್ಪ, ನಾನು ಔಷಧಿ ಕಲಸಿಕೊಡುವವನು ಎಂದು ತಿದ್ದಬಹುದಿತ್ತು. ಏಳು ವರ್ಷದಲ್ಲಿ ಒಮ್ಮೆಯೂ ತಿದ್ದಲಿಲ್ಲ.

ದನದ ಹಲ್ಲು ನೋಡಿ ವಯಸ್ಸು ಹೇಳುವುದು ನಮ್ಮ ಕಡೆ ದೊಡ್ಡ ವಿದ್ಯೆಯೇನಲ್ಲ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಲ್ಲ ಹಲ್ಲೂ ಬಂದು ಬಾಯಿಗೂಡಿದ್ದು ಎಂದು ಸಂತೆಯಲ್ಲಿ ಎತ್ತು ಕೊಳ್ಳುವ ಯಾವ ರೈತನಾದರೂ ಹೇಳುತ್ತಾನೆ. ಆದರೆ ನಾನು ನೋಡುವಾಗ ಜೇಬಿನಿಂದ ಟಾರ್ಚ್ ತೆಗೆಯುತ್ತಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನಾನು ಮಟಮಟ ಮಧ್ಯಾಹ್ನ ಟಾರ್ಚ್ ಬಿಡುತ್ತಿದ್ದೆ. ಟಾರ್ಚ್ ಬಿಟ್ಟ ಮೇಲೆ ಯಾರೂ ನನ್ನ ಮಾತಿಗೆ ಎದುರಾಡುತ್ತಿರಲಿಲ್ಲ. ಅದರಿಂದಲೇ ನಾನು ಕೆಟ್ಟೆ.

ಮನೆಯಲ್ಲಿ ನಾವು ಮೂವರು: ಅಮ್ಮ, ನಾನು, ನನ್ನ ಹೆಂಡತಿ. ಅಮ್ಮ ಬಹಳ ವರ್ಷ ಸಾಕಿದ್ದ ಕರಿ ನಾಯಿ ಸತ್ತ ದಿನ ನಾನು ದನಗಳಿಗೆ ಸೂಜಿ ಹಾಕಲು ಪಕ್ಕದ ಹಳ್ಳಿಗೆ ಹೋಗಿದ್ದೆ, ಹೆಂಡತಿ ತವರಿನಲ್ಲಿದ್ದಳು. ಅಮ್ಮ ಯಾರನ್ನೂ ಕರೆಯದೆ ತಾನೇ ಹಿತ್ತಿಲಲ್ಲಿ ಗುಂಡಿ ತೋಡಿ, ಹಳೇ ಸೀರೆ ಹೊದಿಸಿ, ಮಣ್ಣು ಮುಚ್ಚಿದ್ದಳು. ನಾನು ಬಂದಾಗ ಅವಳ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಒಂದು ವಾರ ಸರಿಯಾಗಿ ಉಣ್ಣಲಿಲ್ಲ.

“ಇನ್ನು ನಾಯಿ ಬೇಡ ಕಣೋ” ಅಂದಳು. “ಇನ್ನೊಂದು ಗುಂಡಿ ತೋಡೋ ಶಕ್ತಿ ನಂಗಿಲ್ಲ. ತರ್ಲೇಬೇಕು ಅಂದ್ರೆ ನಾನು ಹೋದ್ಮೇಲೂ ಇರೋಂಥದ್ದು ತಗೊಂಡ್ ಬಾ.”

ಹಲ್ಲು ನೋಡುವ ಮಗನಿಗೆ ಇದಕ್ಕಿಂತ ಸುಲಭದ ಕೆಲಸ ಯಾವುದಿದೆ?

ತುಮಕೂರು ರಸ್ತೆಯಲ್ಲಿ ಲಾರಿಯವರನ್ನೇ ನೆಚ್ಚಿಕೊಂಡ, ಬಾಡೂಟದ ಒಂದು ಮಿಲ್ಟ್ರಿ ಹೋಟೆಲ್ ಇತ್ತು. ಅದರ ಯಜಮಾನ ಹೋಟೆಲು ಮುಚ್ಚಿ ಹೊಸಕೋಟೆ ಕಡೆ ತಮ್ಮನ ಹತ್ತಿರ ಹೋಗುವವನಿದ್ದ. ಬಾಗಿಲಲ್ಲಿ ಮಲಗುತ್ತಿದ್ದ ಕಂದು ಹೆಣ್ಣು ನಾಯಿಯನ್ನು ಯಾರಿಗಾದರೂ ಕೊಡಬೇಕೆಂದು ಹುಡುಕುತ್ತಿದ್ದ. ನನ್ನನ್ನು ಕಂಡು, “ನೀವೇ ತಗೊಂಡೋಗಿ ಡಾಕ್ಟ್ರೇ. ಸಾಧು ಪ್ರಾಣಿ. ಇದಕ್ಕೀಗ…” ಎಂದು ಶುರು ಮಾಡಿದ.

“ನೀವು ಹೇಳ್ಬೇಡಿ, ನಾನೇ ಹೇಳ್ತೀನಿ” ಎಂದು ನಾನು ಕೈ ಅಡ್ಡ ಹಿಡಿದೆ.

ನಾಲ್ಕು ಜನ ಲಾರಿಯವರು ಎಲೆಯ ಮುಂದೆ ಕೂತಿದ್ದರು. ನನಗೆ ಅಷ್ಟು ಸಭೆ ಸಾಕು. ಟಾರ್ಚ್ ತೆಗೆದು ನಾಯಿಯ ತುಟಿ ಎತ್ತಿದೆ. ಕೋರೆಹಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ನಮ್ಮದು ಮಾಂಸ ಮುಟ್ಟದ ಮನೆ. ಮುದ್ದೆ, ಮಜ್ಜಿಗೆ ತಿನ್ನುವ ನಮ್ಮ ನಾಯಿಗಳಿಗೆ ಮೂರು ವರ್ಷ ತುಂಬುವಷ್ಟರಲ್ಲೇ ಹಲ್ಲು ಹಳದಿಗಟ್ಟುತ್ತಿತ್ತು. ಹಾಗಾಗಿ ನನ್ನ ಲೆಕ್ಕ ಬಹಳ ಸರಳ: ಹಳದಿ ಅಂದರೆ ಮುದಿ, ಬಿಳಿ ಅಂದರೆ ಎಳೆಯದು. ದಿನವೂ ಮೂಳೆ ಕಡಿಯುವ ನಾಯಿಯ ಹಲ್ಲು ಉಜ್ಜಿದ ಹಾಗೆ ಬೆಳ್ಳಗೇ ಇರುತ್ತದೆಂದು ನನ್ನ ತಲೆಗೆ ಹೊಳೆಯಲಿಲ್ಲ. ಎದುರಿಗೇ ಒಂದು ಬುಟ್ಟಿ ಮೂಳೆ ಬಿದ್ದಿತ್ತು.

“ಎರಡು ವರ್ಷ” ಅಂದೆ. “ಹೆಚ್ಚಂದ್ರೆ ಎರಡೂವರೆ.”

ಯಜಮಾನ ನನ್ನ ಮುಖ ನೋಡಿದ, ನಾಯಿಯ ಮುಖ ನೋಡಿದ. “ಓದಿದೋರು ನೀವು, ಸರಿಯಾಗೇ ಇರ್ತದೆ” ಎಂದು ಹಗ್ಗ ತಂದುಕೊಟ್ಟ.

ಮನೆಯ ಹೊಸಲು ದಾಟುವಾಗ ನಾಯಿ ಸ್ವಲ್ಪ ಮುಗ್ಗರಿಸಿತು. ಅಮ್ಮ ಅದರ ಗದ್ದ ಹಿಡಿದು ಬಹಳ ಹೊತ್ತು ನೋಡಿದಳು.

“ಎಷ್ಟು ವರ್ಷ?”

“ಎರಡು. ಇನ್ನೂ ಹತ್ತು ವರ್ಷ ಗ್ಯಾರಂಟಿ ಕಣಮ್ಮ. ಹಲ್ಲು ನೋಡೇ ತಂದಿದ್ದೀನಿ.”

“ಹಂಗಾದ್ರೆ ಇರ್ಲಿ ಬಿಡು” ಅಂದಳು.

ಆಮೇಲೆ ನಾನು ಮಾಡಿದ್ದೆಲ್ಲ ನನ್ನ ಎರಡು ವರ್ಷವನ್ನು ಕಾಪಾಡುವ ಕೆಲಸ. ನಾಯಿ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಹರೆಯದ ಕೊಬ್ಬು ಅಂದೆ. ದಿನವಿಡೀ ನಿದ್ದೆ ಮಾಡುತ್ತಿತ್ತು. ಬೆಳೆಯೋ ಮೈಗೆ ನಿದ್ದೆ ಬೇಕು ಅಂದೆ. ಕಣ್ಣಿನಲ್ಲಿ ಮಸುಕು ನೀಲಿ ಕಾಣುತ್ತಿತ್ತು. ಎಲ್ಲೋ ಜಾತಿ ನಾಯಿಯ ರಕ್ತ ಸೇರಿದೆ ಅಂದೆ. ಒಂದು ದಿನ ಅದರ ತಟ್ಟೆ ತೊಳೆಯುತ್ತಿದ್ದ ಹೆಂಡತಿ ಒಂದು ಹಲ್ಲು ತಂದು ನನ್ನ ಮುಂದೆ ಇಟ್ಟಳು.

“ಹಾಲುಹಲ್ಲು” ಅಂದೆ.

“ಎರಡು ವರ್ಷಕ್ಕೆ ಹಾಲುಹಲ್ಲು ಬೀಳುತ್ತೇನ್ರೀ?”

“ಕೆಲವಕ್ಕೆ ತಡ.”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಆ ಜಟ್ಟಿಯಾದರೂ ಒಂದೇ ಸಲ ಬಿದ್ದವನು. ನಾನು ದಿನಾ ಬೀಳುತ್ತಿದ್ದೆ, ದಿನಾ ಮೀಸೆ ಒರೆಸಿಕೊಳ್ಳುತ್ತಿದ್ದೆ. ಅಮ್ಮ ಮಾತ್ರ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ನೀರು ಮಾಡಿ ಅದಕ್ಕೆ ಹಾಕುತ್ತಿದ್ದಳು.

ಏಳೆಂಟು ತಿಂಗಳ ಮೇಲೆ ನೆಲಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಆ ಹೋಟೆಲ್ ಯಜಮಾನ ಸಿಕ್ಕಿದ.

“ಡಾಕ್ಟ್ರೇ, ಅದು ಇನ್ನೂ ಬದುಕೈತಾ?” ಅಂದ.

ಬದುಕದೆ ಏನು, ಎಳೇ ನಾಯಿ ಅಂದೆ. ಅವನು ತಲೆ ಕೆರೆದುಕೊಂಡ. “ಬೇಜಾರು ಮಾಡ್ಕೋಬೇಡಿ ಸ್ವಾಮಿ. ನಾನು ಅಲ್ಲಿ ಹೋಟ್ಲು ಇಟ್ಟು ಹನ್ನೆರಡು ವರ್ಷ ನಡೆಸಿದ್ದು. ಮೊದಲ್ನೇ ದಿನ ಒಲೆ ಹಚ್ಚಿದಾಗ ಮುಂದೆ ಬಂದು ಕೂತಿದ್ದೇ ಅದು. ಆವಾಗ್ಲೇ ಪೂರ್ತಿ ಬೆಳೆದ ನಾಯಿ. ಹೇಳೋಕೆ ಬಂದೆ, ನೀವು ಬಾಯಿ ಮುಚ್ಚಿಸಿದ್ರಿ. ಹೆಂಗೋ ಒಂದು ಮನೆ ಸಿಕ್ತಲ್ಲ ಅಂತ ಸುಮ್ನಾದೆ.”

ಮನೆಗೆ ಬಂದು ಮೊದಲ ಸಲ ಟಾರ್ಚ್ ಇಲ್ಲದೆ ನಾಯಿಯ ಬಾಯಿ ನೋಡಿದೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಎಳೇ ನಾಯಿಯ ಮುಂದಿನ ಸಣ್ಣ ಹಲ್ಲುಗಳಿಗೆ ಮೂರು ಮೂರು ದಳ ಇರುತ್ತದೆ, ವಯಸ್ಸಾದಂತೆ ಸವೆದು ಚಪ್ಪಟೆಯಾಗುತ್ತದೆ, ಬಣ್ಣ ನೋಡಿ ಮೋಸ ಹೋಗಬೇಡಿ ಎಂದು. ನಾಯಿಯ ಪಾಠ ಯಾರಿಗೆ ಬೇಕು ಎಂದು ನಾನು ಅವತ್ತು ಹಿಂದಿನ ಬೆಂಚಿನಲ್ಲಿ ತೂಕಡಿಸಿದ್ದೆ. ಈಗ ನೋಡಿದರೆ ದಳ ಹಾಗಿರಲಿ, ಮುಂದಿನ ಹಲ್ಲುಗಳೇ ಅರ್ಧ ಇರಲಿಲ್ಲ. ಉಳಿದವು ಒಸಡಿನ ಮಟ್ಟಕ್ಕೆ ಸವೆದಿದ್ದವು. ಕೋರೆ ಮಾತ್ರ ಬೆಳ್ಳಗಿತ್ತು.

ನನಗೆ ಭಯವಾಯಿತು. ಮರ್ಯಾದೆ ಹೋಗುತ್ತದೆಂಬ ಭಯವಲ್ಲ, ಅದು ಹೆಂಡತಿಯ ಮುಂದೆ ಹಾಲುಹಲ್ಲಿನ ದಿನವೇ ಹೋಗಿತ್ತು. ಅಮ್ಮ ಮತ್ತೆ ಹಾರೆ ಹಿಡಿದು ಹಿತ್ತಿಲಿಗೆ ಹೋಗುವುದು ಕಣ್ಣಿಗೆ ಕಟ್ಟಿತು. ಅವಳಿಗೆ ಹೇಳುವ ಧೈರ್ಯವಾಗಲಿಲ್ಲ. ಬದಲಿಗೆ ನಾಯಿಯನ್ನು ಬದುಕಿಸಲು ನಿಂತೆ. ಬೆಳಿಗ್ಗೆ ಟಾನಿಕ್, ಸಂಜೆ ಹಾಲು. ಗೋಣಿಚೀಲದ ಹಾಸಿಗೆ. ಕೆಮ್ಮಿದರೆ ಎದೆಗೆ ಕಿವಿಯಿಟ್ಟು ಕೇಳುತ್ತಿದ್ದೆ. ದಿನಕ್ಕೆ ಮೂರು ಸಲ ಬಾಯಿ ತೆರೆಸಿ ನೋಡುತ್ತಿದ್ದೆ.

ಅದರ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ ಅಮ್ಮನ ಕಡೆ ನೋಡಲಿಲ್ಲ. ಮುದ್ದೆ ನುಂಗುವ ಊಟ ನಮ್ಮದು, ಅಗಿಯುವ ಕೆಲಸವಿಲ್ಲ. ಯಾರ ಹಲ್ಲು ಯಾವಾಗ ಬಿತ್ತು, ಯಾರ ಊಟ ಎಷ್ಟು ಇಳಿಯಿತು ಎಂದು ಗೊತ್ತಾಗುವುದೇ ಇಲ್ಲ. ಅವಳ ಮುದ್ದೆ ನಿಂಬೆಹಣ್ಣಿನಷ್ಟಾಗಿತ್ತು ಎಂದು ಹೆಂಡತಿ ಹೇಳಿದ ಮೇಲೆ ನನಗೆ ತಿಳಿದದ್ದು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು. ಮನೆಗೇ ಕರೆದುಕೊಂಡು ಹೋಗಿ ಅಂದರು.

ಮಂಚದ ಕೆಳಗೆ ನಾಯಿ ಮಲಗಿರುತ್ತಿತ್ತು. ಅಮ್ಮ ಒಂದು ಕೈ ಇಳಿಬಿಟ್ಟು ಅದರ ತಲೆ ಮೇಲೆ ಇಟ್ಟುಕೊಂಡಿರುತ್ತಿದ್ದಳು. ಒಂದು ಬೆಳಿಗ್ಗೆ ನಾನು ನಾಯಿಗೆ ಟಾನಿಕ್ ಕುಡಿಸುತ್ತಿದ್ದಾಗ, “ಎಷ್ಟೂಂತ ಹುಯ್ತೀಯೋ ಆ ಮುದುಕಿಗೆ? ಬಿಡು” ಅಂದಳು.

ನನ್ನ ಕೈಯ ಚಮಚ ನಿಂತಿತು. “ಯಾವಾಗ ಗೊತ್ತಾಯ್ತಮ್ಮ?”

“ತಂದ ದಿವ್ಸಾನೇ. ಹೊಸಲಲ್ಲಿ ಕಾಲು ತಡವರಿಸ್ತಲ್ಲ, ಆವಾಗ್ಲೇ.”

“ಮತ್ಯಾಕೆ ಇರ್ಲಿ ಅಂದೆ?”

“ನನ್ನ ವಯಸ್ಸು ನಂಗೆ ಗೊತ್ತಿತ್ತಲ್ಲ” ಅಂದಳು. ಆಮೇಲೆ ನಕ್ಕಳು. ಬಾಯಲ್ಲಿ ಹಲ್ಲು ಎಷ್ಟು ಉಳಿದಿವೆ ಎಂದು ನಾನು ಅವತ್ತೇ ನೋಡಿದ್ದು, ನಾಲ್ಕೇ ಇದ್ದವು. “ಹತ್ತು ವರ್ಷ ಎಲ್ಲಾ ಬೇಡ ಕಣಪ್ಪ. ನನಗಿಂತ ಒಂದು ದಿನ ಜಾಸ್ತಿ ಇದ್ರೆ ನಿನ್ನ ಮಾತು ಉಳೀತದೆ.”

ನನಗೆ ಅಳು ತಡೆಯಲಾಗಲಿಲ್ಲ. ನಾಯಿ ನಡುವೆ ತಲೆಹಾಕಿ ಚಮಚ ನೆಕ್ಕಿತು.

ಅಮ್ಮ ಆ ತಿಂಗಳೇ ಹೋದಳು. ನಾಯಿ ಇನ್ನೂ ಹತ್ತೊಂಬತ್ತು ದಿನ ಇತ್ತು. ಮಂಚದ ಕೆಳಗಿನಿಂದ ಹೆಚ್ಚು ಏಳುತ್ತಿರಲಿಲ್ಲ. ಅದು ಸತ್ತ ದಿನ ನಾನು ಆಸ್ಪತ್ರೆಗೆ ರಜೆ ಹಾಕಿ, ಕರಿ ನಾಯಿಯ ಪಕ್ಕದಲ್ಲಿ ಗುಂಡಿ ತೋಡಿದೆ. ಬೇಸಿಗೆಯ ನೆಲ, ಹಾರೆ ಇಳಿಯುತ್ತಿರಲಿಲ್ಲ. ಅಮ್ಮ ಇದನ್ನು ಒಬ್ಬಳೇ ಹೇಗೆ ತೋಡಿದಳೋ ಎಂದುಕೊಂಡೆ. ಸಂಜೆ ಉಣ್ಣಲು ಕೂತಾಗ ಅಂಗೈ ಉರಿಯುತ್ತಿತ್ತು. ಮುದ್ದೆ ಮುರಿಯಲು ಆಗಲಿಲ್ಲ. ಹೆಂಡತಿ ಅದನ್ನು ಮಜ್ಜಿಗೆಯಲ್ಲಿ ಕಿವುಚಿ ಕೊಟ್ಟಳು.