ಕಾಗದದಲ್ಲಿ ಕಟ್ಟಿದ ಮನೆ

ಅಣ್ಣಯ್ಯನ ಕಾರ್ಡು ಬಂದದ್ದು ದೀಪಾವಳಿ ಕಳೆದ ಮರುವಾರ. ಇವರು ಶಾಲೆಯಿಂದ ಬರುವಾಗ ತಂದು ಕೊಟ್ಟರು. ನಾಲ್ಕೇ ಸಾಲು. 'ಬರುವ ಸೋಮವಾರ ಅವ್ವನನ್ನು ಕರೆದುಕೊಂಡು ಬರುತ್ತೇನೆ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕೆಂದು ಅವಳ ಹಟ. ಅಪ್ಪಯ್ಯ ಹೂಂ ಅಂದಿಲ್ಲ, ಬೇಡವೆಂದೂ ಅಂದಿಲ್ಲ. ನಿನ್ನ ಮನೆಯನ್ನೂ ನೋಡಿದ ಹಾಗಾಯಿತು.'

ಓದಿ ಹೊಸಿಲ ಮೇಲೆ ಕೂತುಬಿಟ್ಟೆ. ಬಾಣಂತನಕ್ಕೆ ನನ್ನ ಹೊಟ್ಟೆಯಲ್ಲಿ ಕೂಸಿರಲಿಲ್ಲ. ನೋಡುವುದಕ್ಕೆ ಅಂಥ ಮನೆಯೂ ಇರಲಿಲ್ಲ.

ಇವರು ಮೇಳಿಗೆಯ ಹತ್ತಿರದ ನಮ್ಮೂರಿಗೆ ಮೇಷ್ಟ್ರಾಗಿ ಬಂದಿದ್ದವರು. ಅಪ್ಪಯ್ಯ ಬೇರೆ ಕಡೆ ಮಾತು ಕೊಟ್ಟಿದ್ದರೂ ನಾನು ಕೇಳದೆ ಇವರನ್ನೇ ಕಟ್ಟಿಕೊಂಡೆ. "ಇನ್ನು ನೀನು ನನ್ನ ಪಾಲಿಗಿಲ್ಲ" ಅಂದಿದ್ದರು ಅಪ್ಪಯ್ಯ. ಆಮೇಲೆ ಇವರಿಗೆ ನಿಟ್ಟೂರಿನ ಕಡೆ ವರ್ಗವಾಯಿತು. ಅಲ್ಲಿ ಸಿಕ್ಕಿದ್ದು ಯಾರೋ ಬಿಟ್ಟುಹೋಗಿದ್ದ, ಅಡಕೆ ಗರಿ ಹೊದಿಸಿದ ಸೋಗೆಮನೆ. ಎರಡು ಕೋಣೆ, ಮಣ್ಣಿನ ಗೋಡೆ, ಗುಂಡಿ ಬಿದ್ದ ನೆಲ, ಮುಂದೆ ಒಂದು ಅಂಗಳ. ಅಂಗಳದ ತುಂಬ ಮುಳ್ಳು.

ಅವ್ವನಿಗೆ ಓದಲು ಬರುತ್ತಿರಲಿಲ್ಲ. ನನ್ನ ಕಾಗದ ಬಂದರೆ ಅಣ್ಣಯ್ಯ ಗಟ್ಟಿಯಾಗಿ ಓದುತ್ತಿದ್ದ. ಆಗ ಅಪ್ಪಯ್ಯ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತಿರುತ್ತಾರೆ, ಎದ್ದು ಹೋಗುವುದಿಲ್ಲ ಎಂದು ಅವನೇ ಒಮ್ಮೆ ಬರೆದ. ಅಂದಿನಿಂದ ನಾನು ಬರೆದದ್ದೆಲ್ಲ ಆ ಬೆನ್ನಿಗೆ. ಮೊದಲು ಹಂಚಿನ ಮನೆ ಅಂದೆ. ಮುಂದಿನ ಕಾಗದದಲ್ಲಿ ನೆಲಕ್ಕೆ ಸಿಮೆಂಟು ಬಂತು. ಅದರ ಮುಂದಿನದರಲ್ಲಿ ಅಂಗಳದ ಸುತ್ತ ಸೇವಂತಿಗೆ, ಬೇಲಿಗೆ ದಾಸವಾಳ. ಬರೆಯುವಾಗ ಸುಳ್ಳು ಅನ್ನಿಸುತ್ತಲೇ ಇರಲಿಲ್ಲ.

ಬಸಿರಾದದ್ದು ಮಾತ್ರ ನಿಜ. ಅದನ್ನೂ ಬರೆದಿದ್ದೆ. ಶ್ರಾವಣದಲ್ಲಿ, ಐದು ತುಂಬಿದಾಗ, ಅದು ಉಳಿಯಲಿಲ್ಲ. ಹೊಳೆ ತುಂಬಿ ಹೊಸನಗರದ ಆಸ್ಪತ್ರೆಗೆ ಹೋಗುವ ದಾರಿಯಿರಲಿಲ್ಲ. ಪಕ್ಕದ ಮನೆಯ ಅಜ್ಜಿಯೇ ಮೂರು ದಿನ ನನ್ನ ಬಳಿ ಕೂತು ಬದುಕಿಸಿಕೊಂಡರು. ಮೈ ಚೇತರಿಸಿದ ಮೇಲೆ ಅದನ್ನು ಬರೆಯಲೆಂದೇ ಕೂತೆ. 'ಅಂಗಳದ ಸೇವಂತಿಗೆ ಮೊಗ್ಗು ಬಿಟ್ಟಿದೆ' ಎಂದು ಬರೆದು ಮಡಚಿಟ್ಟೆ. ಇವರು "ತಿಳಿಸಿದೆಯಾ?" ಅಂದಾಗ ಹೂಂ ಅಂದೆ.

ಈಗ ಕಾರ್ಡು ಓದಿ ಇವರು ನನ್ನ ಮುಖ ನೋಡಿದರು.

"ತಿಳಿಸಿದೀನಿ ಅಂದಿದ್ದೆಯಲ್ಲೆ?"

ನಾನು ಎದ್ದು ಇವರ ಕೈಯಿಂದ ಕಾರ್ಡು ತೆಗೆದು ಸೋಗೆಯ ಸಂದಿಗೆ ಸಿಕ್ಕಿಸಿದೆ.

"ಇವತ್ತೇ ಬರಿ. ನಾಳೆ ಟಪಾಲಿಗೆ ಹಾಕ್ತೀನಿ, ಅವರು ಹೊರಡೋದ್ರೊಳಗೆ ಮುಟ್ಟುತ್ತೆ."

"ಬರೆದ್ರೆ ಅವ್ವ ಬರೋದಿಲ್ಲ. ಬರೋದಕ್ಕೆ ಅವಳಿಗೆ ನೆಪ ಇರೋದು ಅದೊಂದೇ. ಅಪ್ಪಯ್ಯ ಮತ್ತೆ ಕಳಿಸ್ತಾರಾ?" ಅಂದೆ. ಅಪ್ಪಯ್ಯನ ಬಾಯಿಂದ ಬಿದ್ದ ಮಾತು ತಟ್ಟಿತು ಎಂದು ಊರು ಆಡಿಕೊಳ್ಳುತ್ತದೆ ಅನ್ನುವ ಹೆದರಿಕೆಯೂ ಇತ್ತು. ಅದನ್ನು ಹೇಳಲಿಲ್ಲ. ಮನೆಯ ಬಗ್ಗೆ ಬರೆದದ್ದನ್ನು ಅಳುತ್ತ ಹೇಳಿಬಿಟ್ಟೆ. ಇವರು ಹಂಚಿನ ಮಾತು ಕೇಳಿ ಮೇಲೆ ನೋಡಿದರು. ಸೋಗೆಯ ತೂತಿನಲ್ಲಿ ಬೆಳಕು ಬರುತ್ತಿತ್ತು.

"ಎಂಟು ದಿನದಲ್ಲಿ ಎಂಥದು ಮಾಡೋಕಾಗುತ್ತೆ ಮಾರಾಯ್ತಿ?"

"ಮನೆಯಾದ್ರೂ ನಿಜ ಆಗ್ಲಿ" ಅಂದೆ. ಕೂಸಿನ ವಿಷಯ ಹೇಗೆ ಹೇಳುವುದೆಂದು ಯೋಚಿಸಲು ಕೂತರೆ ಹುಚ್ಚು ಹಿಡಿಯುತ್ತಿತ್ತು. ಮನೆಗೆ ಕೈಕಾಲು ಆಡಿಸಿದರೆ ಸಾಕಿತ್ತು.

ಹಂಚಿನ ಆಸೆ ಮೊದಲ ದಿನವೇ ಬಿಟ್ಟೆವು. ಹೊಸ ಸೋಗೆಗೂ ಅದು ಕಾಲವಲ್ಲ. ಹಳೆಯದರಲ್ಲೇ ಕೊಳೆತದ್ದನ್ನು ಎಳೆದು, ಇದ್ದದ್ದನ್ನು ಹರಡಿ, ತೂತುಗಳಿಗೆ ಅಡಕೆ ಹಾಳೆ ಸಿಕ್ಕಿಸಿದರು ಇವರು. ಶಾಲೆಯ ಪೆನ್ನು ಹಿಡಿದ ಕೈ. ಎರಡನೆಯ ದಿನ ಅಂಗೈಯೆಲ್ಲ ಸೀಳಿತ್ತು.

ಸಿಮೆಂಟ್ ನೆಲಕ್ಕೆ ಒಂದು ಉಪಾಯ ನನಗೆ ಗೊತ್ತಿತ್ತು. ಟಾರ್ಚಿನ ಹಳೆ ಸೆಲ್ಲು ಒಡೆದರೆ ಒಳಗೆ ಕಪ್ಪು ಪುಡಿ ಸಿಗುತ್ತದೆ. ಅದನ್ನು ಸಗಣಿಯಲ್ಲಿ ಕಲಸಿ ಬಳಿದು, ನುಣುಪು ಕಲ್ಲಿನಲ್ಲಿ ತಿಕ್ಕಿದರೆ ನೆಲ ಕನ್ನಡಿಯಂತಾಗುತ್ತದೆ. ಇವರು ಮನೆಮನೆ ತಿರುಗಿ ಸತ್ತ ಸೆಲ್ಲು ಕೂಡಿಸಿ ತಂದರು. "ಮೇಷ್ಟ್ರು ಇದನ್ನೆಲ್ಲ ಎಂತ ಮಾಡ್ತಾರೆ?" ಎಂದು ಊರವರು ನಕ್ಕರಂತೆ. ನೆಲ ಅಗೆದು, ಹೊಸ ಮಣ್ಣು ಹಾಕಿ, ಹಲಗೆಯಲ್ಲಿ ಬಡಿದೆ. ಹೊಟ್ಟೆಯೊಳಗೆ ಇನ್ನೂ ನೋವಿತ್ತು. ಪ್ರತಿ ಏಟಿಗೂ ಅದು ಎದ್ದು ಬರುತ್ತಿತ್ತು, ಬರಲಿ ಎಂದು ಇನ್ನೂ ಜೋರಾಗಿ ಬಡಿದೆ.

ನೆಲ ಒಣಗಲಿಲ್ಲ. ಕಾರ್ತಿಕದ ಇಬ್ಬನಿ, ಬೆಳಗ್ಗೆ ಒಂಬತ್ತಾದರೂ ಬಿಸಿಲಿಲ್ಲ. ಬಳಿದದ್ದು ಎರಡು ದಿನ ಹಸಿಯಾಗಿಯೇ ಇತ್ತು, ಆಮೇಲೆ ಒಲೆಯ ಕಡೆಯಿಂದ ಬಿರುಕು ಬಿಡುತ್ತ ಬಂತು. ಮುಚ್ಚಿದಷ್ಟೂ ಬಿಟ್ಟಿತು.

ಸೇವಂತಿಗೆಗೆ ಅಜ್ಜಿಯ ಬಳಿ ಹೋದೆ. ಅವರ ಅಂಗಳದ ತುಂಬ ಹಳದಿ ಹೂವು.

"ಹೂ ಬಿಟ್ಟ ಗಿಡ ಕಿತ್ರೆ ಬದುಕ್ತದಾ ಅಮ್ಮಾ?" ಅಂದರು.

"ಸೋಮವಾರದವರೆಗೆ ಬದುಕಿದ್ರೆ ಸಾಕು."

ಅವರು ಗುದ್ದಲಿ ತಂದು, ಬೇರಿನ ಸುತ್ತ ಮಣ್ಣು ಬಿಡದಂತೆ ಹನ್ನೆರಡು ಬುಡ ಎಬ್ಬಿಸಿಕೊಟ್ಟರು. ಮುಳ್ಳು ಕಡಿದ ಅಂಗಳದಲ್ಲಿ ಸಾಲಾಗಿ ನೆಟ್ಟೆ. ಮಾರನೆಯ ದಿನ ಎಲ್ಲವೂ ತಲೆ ಬಗ್ಗಿಸಿದ್ದವು. ಕೋಲು ಕೊಟ್ಟು ಕಟ್ಟಿದೆ, ದಿನಕ್ಕೆ ನಾಲ್ಕು ಸಲ ನೀರು ಹೊತ್ತೆ. ಬೇಡಿಕೊಂಡೆ ಅಂದರೂ ಸುಳ್ಳಲ್ಲ.

ಶನಿವಾರ ಮಧ್ಯಾಹ್ನ ಗೋಡೆಗೆ ಜೇಡಿಮಣ್ಣು ಬಳಿಯಲೆಂದು ಅಡುಗೆ ಕೋಣೆಯ ಮೂಲೆ ಕೆರೆಯುತ್ತಿದ್ದೆ. ಒಳಗೆಲ್ಲ ಗೆದ್ದಲು ತಿಂದಿತ್ತು. ಮಣ್ಣು ಪುರಪುರ ಉದುರಿತು, ಹಿಂದೆ ಸರಿದೆ, ಗೋಡೆ ಅರ್ಧಕ್ಕರ್ಧ ಹೊರಗೆ ಕುಸಿಯಿತು. ಎದುರಿಗೆ ಹಿತ್ತಲು, ಅದರಾಚೆ ಕಾಡು ಕಂಡವು. ಒಲೆಯ ಮೇಲಿದ್ದ ಅನ್ನಕ್ಕೆ ಧೂಳು ಬಿತ್ತು. ಆ ಮಣ್ಣಿನ ಗುಡ್ಡೆಯ ಮೇಲೆ ಕೂತು ನಾನು ಶ್ರಾವಣದಲ್ಲಿ ಅಳದೆ ಉಳಿಸಿದ್ದನ್ನೆಲ್ಲ ಅತ್ತೆ. ಇವರು ಬಂದು ಗೋಡೆ ನೋಡಿದರು, ನನ್ನ ನೋಡಿದರು. ಪಕ್ಕದಲ್ಲೇ ಮಣ್ಣಿನಲ್ಲಿ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಬಿದಿರಿನ ತಟ್ಟಿ ಹೆಣೆದು ಅಡ್ಡ ಕಟ್ಟಿದೆವು. ಸೋಮವಾರ ಮಧ್ಯಾಹ್ನದ ಬಸ್ಸಿಗೆ ಅವರು ಬಂದರು.

ಅವ್ವ ಮುಂದೆ, ತಲೆಯ ಮೇಲೆ ಬುಟ್ಟಿ ಹೊತ್ತ ಅಣ್ಣಯ್ಯ ಹಿಂದೆ. ಅಣ್ಣಯ್ಯ ಬೇಲಿಬಾಗಿಲ ದಣಪೆ ದಾಟಿ ಬಂದವನೇ ಸೋಗೆಯ ಮಾಡು ನೋಡಿದ. "ಇದೇನಾ?" ಅಂದ. ಅವ್ವ ಮಾಡನ್ನೂ ನೋಡಲಿಲ್ಲ, ಅಂಗಳವನ್ನೂ ನೋಡಲಿಲ್ಲ. ನನ್ನ ಹೊಟ್ಟೆ ನೋಡಿದಳು. ಆಮೇಲೆ ಮುಖ. ಸೆರಗು ಬಾಯಿಗೆ ಹೋಯಿತು.

"ಯಾವಾಗ್ಲೆ?"

"ಶ್ರಾವಣದಲ್ಲಿ."

ಅವಳು ಜಗಲಿಯ ತುದಿಯಲ್ಲಿ ಕೂತಳು. ಕೊಟ್ಟ ನೀರು ಕುಡಿಯಲಿಲ್ಲ. ಬುಟ್ಟಿಯಲ್ಲಿ, ದಾರಿಯಲ್ಲೇ ಹೆರಿಗೆಯಾದರೆ ಬೇಕಾದೀತೆಂದು ಬಾಣಂತಿಗೆ ಕುಟ್ಟಿ ತಂದ ಶುಂಠಿ, ಮೆಣಸು, ಹಳೆ ಸೀರೆ ಹರಿದು ಮಡಿಸಿದ ಮೆತ್ತನೆಯ ಬಟ್ಟೆ ಇದ್ದವು. ಅಣ್ಣಯ್ಯನಿಗೆ ಸಿಟ್ಟು ನೆತ್ತಿಗೇರಿತು. "ಊರಿಗೆಲ್ಲ ಓದಿ ಹೇಳಿದ್ನಲ್ಲೆ ನಾನು! ಹಂಚಂತೆ, ಸಿಮೆಂಟಂತೆ! ಅಪ್ಪಯ್ಯನಿಗೆ ಏನಂತ ಹೇಳ್ಲಿ?" ಅಂದ. ಊಟಕ್ಕೂ ಕೂರದೆ ಸಂಜೆ ಬಸ್ಸಿಗೆ ಹೊರಟ. "ಬಾ ಅವ್ವ" ಅಂದರೆ ಅವಳು ಏಳಲಿಲ್ಲ.

ಆಮೇಲೆ ಆ ದಿನವೂ ಮರುದಿನವೂ ಅವ್ವ ನನ್ನೊಡನೆ ಒಂದೂ ಮಾತಾಡಲಿಲ್ಲ. ಬಿರುಕು ಬಿಟ್ಟ ನೆಲದ ಮೇಲೆ ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಒಂದು ಸುಳ್ಳಿಗೆ ಕ್ಷಮೆ ಕೇಳಲೋ, ಎಲ್ಲದಕ್ಕೂ ಸೇರಿಸಿ ಕೇಳಲೋ ತಿಳಿಯದೆ ಸುತ್ತಮುತ್ತ ಓಡಾಡಿದೆ. ಬುಧವಾರ ಬೆಳಗ್ಗೆ ಗಂಜಿ ಬಡಿಸುವಾಗ ಕೇಳಿದಳು:

"ಗಂಡೋ, ಹೆಣ್ಣೋ?"

"ಹೆಣ್ಣು."

"ಎಲ್ಲಿಟ್ರಿ?"

ಹಿತ್ತಲಾಚೆಯ ನೇರಳೆ ಮರದ ಬುಡಕ್ಕೆ ಕರೆದುಕೊಂಡು ಹೋದೆ. ಅಲ್ಲಿಗೆ ಅಂದಿನಿಂದ ನಾನು ಹೋಗಿರಲಿಲ್ಲ. ಅವ್ವ ಬಗ್ಗಿ ಬುಡದ ಒಣ ಎಲೆಗಳನ್ನು ಕೈಯಲ್ಲಿ ಸರಿಸಿದಳು. "ಅಷ್ಟು ದೂರ ಒಬ್ಬಳೇ ಸತ್ತು ಬದುಕಿದೀಯ. ನಂಗೆ ಹೂವಿನ ಗಿಡದ ಸುದ್ದಿ ಬರೀತೀಯ" ಅಂದಳು. ಸಿಟ್ಟಿನಲ್ಲೇ ಅಂದಳು. ಅಂದು, ನನ್ನ ತಲೆಯನ್ನು ಎಳೆದು ಎದೆಗಾನಿಸಿಕೊಂಡಳು.

ಆಮೇಲೆ ಸೀರೆ ಎತ್ತಿ ಕಟ್ಟಿ, ಬಿದ್ದ ಗೋಡೆಯ ಮಣ್ಣಿಗೆ ನೀರು ಸುರಿದು ತುಳಿಯಲು ನಿಂತಳು. ನನಗೆ ಬುಟ್ಟಿಯ ಮದ್ದು ಕುದಿಸಿ ಕುಡಿಸಿ, ನೀರೆರೆದು, ಮೂಲೆಯಲ್ಲಿ ಕೂರಿಸಿದಳು. "ಕೂಸಿಲ್ದಿದ್ರೂ ನೀನು ಬಾಣಂತಿಯೇ" ಅಂದಳು. ಹದಿನೈದು ದಿನ ನಾನು ಏನೂ ಮುಟ್ಟಲಿಲ್ಲ. ಅಜ್ಜಿ ಮಣ್ಣುಂಡೆ ಕೊಡುತ್ತಿದ್ದರು, ಅವ್ವ ಇಡುತ್ತಿದ್ದಳು, ಶಾಲೆ ಬಿಟ್ಟ ಮೇಲೆ ಇವರು ಸೇರುತ್ತಿದ್ದರು. ಗೋಡೆ ಸ್ವಲ್ಪ ಓರೆಯಾಯಿತು, ಬೀಳಲಿಲ್ಲ.

ಅಪ್ಪಯ್ಯ ಮಾತ್ರ ಕರಗಲಿಲ್ಲ ಎಂದು ಅಣ್ಣಯ್ಯನ ಕಾರ್ಡು ಬಂತು. ಸುಳ್ಳುಗಾತಿ ಎಂಬ ಇನ್ನೊಂದು ಕಾರಣ ಸಿಕ್ಕಿತು ಅವರಿಗೆ. ಅವ್ವನನ್ನು ಬಸ್ಸು ಹತ್ತಿಸುವಾಗ, ನನ್ನನ್ನೂ ಕರೆದುಕೊಂಡು ಹೋಗು ಎಂದು ಬಾಯಿಗೆ ಬಂದಿತ್ತು. ಬಾ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಕೈ ಹೊರಹಾಕಿ, ಬಿಸಿಲಲ್ಲಿ ನಿಲ್ಲಬೇಡ, ಮನೆಗೆ ಹೋಗು ಎಂದು ಸನ್ನೆ ಮಾಡಿದಳು.