ಸಾವಿನ ಪುಸ್ತಕದ ಪೆನ್ಸಿಲ್ಲಕ್ಕ

ನಗರಸಭೆಯ ಜನನ-ಮರಣ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಕುರ್ಚಿ ಸವೆಸಿದ ಆ ಗುಮಾಸ್ತೆಯನ್ನು ಕಚೇರಿಯವರೆಲ್ಲ ಪೆನ್ಸಿಲ್ಲಕ್ಕ ಎನ್ನುತ್ತಿದ್ದರು. ಸತ್ತವರ ಹೆಸರು, ವಯಸ್ಸು, ವಿಳಾಸವನ್ನು ಆಕೆ ಮಸಿಯಲ್ಲಿ ಬರೆಯುವಳು. ಸಾವಿನ ಕಾರಣವನ್ನು ಮಾತ್ರ ಮೊದಲು ಪೆನ್ಸಿಲ್ಲಿನಲ್ಲಿ. ಅಧ್ಯಕ್ಷರು ಯಾರೇ ಆಗಿರಲಿ, ಸಂಜೆ ನಾಲ್ಕರೊಳಗೆ ಅವರ ಫೋನು ಬರಬಹುದಲ್ಲ. ಕೊಳಕು ನೀರು ಕುಡಿದು ಸತ್ತವರು ಫೋನು ಬಂದ ಮೇಲೆ ಮುಪ್ಪಿನಿಂದ ಸತ್ತಿರುತ್ತಿದ್ದರು. ಮುಚ್ಚಳವಿಲ್ಲದ ಗುಂಡಿಗೆ ಬಿದ್ದವನು ಕುಡಿದು ಬಿದ್ದಿರುತ್ತಿದ್ದ. ಹೊಸದರಲ್ಲಿ ಒಮ್ಮೆ ಫೋನಿಗೆ ಕಾಯದೆ ಮಸಿಯಲ್ಲೇ ಬರೆದುಬಿಟ್ಟಿದ್ದಳು. ಎಳೆಗೂಸನ್ನು ಕಟ್ಟಿಕೊಂಡು ಶಿಕ್ಷೆಯ ವರ್ಗವಾಗಿ ಎರಡು ವರ್ಷ ದೂರದ ಊರಿನ ಕಚೇರಿಯಲ್ಲಿ ಕೊಳೆತು ಬಂದ ಮೇಲೆ ಬುದ್ಧಿ ಬಂತು, ಅಥವಾ ಹೋಯಿತು, ಹೇಗಾದರೂ ಅನ್ನಿ.

ರಾಜಕಾರಣಿಗಳ ಹೆಸರೆತ್ತಿದರೆ ಆಕೆಗೆ ಮೈಯೆಲ್ಲ ಉರಿ. ಊಟದ ಡಬ್ಬಿ ತೆರೆದರೆ ಅದೇ ಮಾತು.

"ಇವ್ರಿಗೆಲ್ಲ ಮಾನ ಅನ್ನೋದೇ ಇಲ್ಲ ಕಣೇ. ಹೆಣದ ಮೇಲೂ ಸುಳ್ಳು ಬರೆಸ್ತಾರೆ," ಎಂದು ಪಕ್ಕದ ಟೈಪಿಸ್ಟ್ ಹುಡುಗಿಗೆ ಹೇಳುವಳು. ಬರೆಸುವವರ ಮಾನ ಅಳೆಯುವ ಭರದಲ್ಲಿ ಬರೆಯುವ ಕೈ ಯಾರದೆಂಬುದು ಆಕೆಗೆ ಹೊಳೆಯುತ್ತಿರಲಿಲ್ಲ.

ಒಂದು ಮಂಗಳವಾರ ನಗರಸಭೆಯ ಒಳಚರಂಡಿ ಕೆಲಸಗಾರನೊಬ್ಬ ಗುಂಡಿಯೊಳಗೆ ಉಸಿರುಗಟ್ಟಿ ಸತ್ತ. ಒಂದು ಮಾಸ್ಕನ್ನೂ ಕೊಡದೆ ಇಳಿಸಿದ್ದರು. ಅವನಂಥ ಖಾಯಂ ಆಗದವನು ಕೆಲಸ ಮಾಡುತ್ತಲೇ ಸತ್ತರೆ ಹೆಂಡತಿಗೆ ಅವನ ಕೆಲಸ ಸಿಗುತ್ತದೆ, ಇರುವ ಕ್ವಾರ್ಟರ್ಸೂ ಉಳಿಯುತ್ತದೆ. ಕಾಯಿಲೆಯಿಂದ ಸತ್ತರೆ ಎರಡೂ ಇಲ್ಲ. ಪೆನ್ಸಿಲ್ಲಕ್ಕ 'ವಿಷಗಾಳಿ' ಎಂದು ಪೆನ್ಸಿಲ್ಲಿನಲ್ಲಿ ಬರೆದು ಫೋನು ನೋಡುತ್ತ ಕೂತಳು. ನಾಲ್ಕಾಯಿತು, ನಾಲ್ಕೂವರೆಯೂ ಆಯಿತು. ಫೋನು ಬರಲಿಲ್ಲ. ಬಂದಿದ್ದರೆ ಏನು ಹೇಳುತ್ತಿದ್ದರೆಂದು ಆಕೆಗೆ ಗೊತ್ತಿಲ್ಲವೇ? ರಬ್ಬರಿನಿಂದ ಅಳಿಸಿ, 'ಹೃದಯಾಘಾತ' ಎಂದು ಮಸಿಯಲ್ಲಿ ಬರೆದು, ಬೀರುವಿಗೆ ಬೀಗ ಹಾಕಿ ಮನೆಗೆ ಹೋದಳು.

ಅಧ್ಯಕ್ಷರು ಆ ವಾರವೆಲ್ಲ ಪರವೂರಿನ ಆಸ್ಪತ್ರೆಯಲ್ಲಿ ಜ್ವರ ಬಂದು ಮಲಗಿದ್ದರು, ಸಾವಿನ ಸುದ್ದಿಯೇ ಅವರಿಗೆ ಮುಟ್ಟಿರಲಿಲ್ಲ ಎಂಬುದು ಆಕೆಗೆ ತಿಳಿದದ್ದು ಶನಿವಾರ. ಈ ಸುಳ್ಳನ್ನು ಯಾರೂ ಬರೆಸಿರಲಿಲ್ಲ.

ತಿದ್ದಲು ದಾರಿಯಿತ್ತು. ತಪ್ಪು ನನ್ನದೇ ಎಂದು ಬರೆದು ಸಹಿ ಹಾಕಬೇಕಿತ್ತು, ಅಷ್ಟೇ. ಆದರೆ ನಿವೃತ್ತಿಗೆ ಉಳಿದದ್ದು ಏಳು ತಿಂಗಳು. ಸಹಿ ಹಾಕಿದರೆ ಪಿಂಚಣಿಗೇ ಸಂಚಕಾರ. ಭಾನುವಾರವಿಡೀ ಪಿಂಚಣಿಯ ಲೆಕ್ಕ ಹಾಕುತ್ತ ಕೂತಳು. ನಾಚಿಕೆಗಿಂತ ಭಯವೇ ಹೆಚ್ಚಾಗಿತ್ತು.

ಸೋಮವಾರ ಸತ್ತವನ ಹೆಂಡತಿ ಕಿಟಕಿಗೆ ಬಂದಳು. ಒಂದು ಕೈಯಲ್ಲಿ ಮರಣಪತ್ರ, ಇನ್ನೊಂದರಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಬೇಕೆಂಬ ನೋಟೀಸು.

"ಅಕ್ಕ, ಅವ್ರು ಎದೆನೋವು ಅಂತ ಒಂದಿನಾನೂ ಮಲಗಿದೋರಲ್ಲ. ಇದನ್ನ ಯಾರು ಬರೆಸಿದ್ದು?"

ಪೆನ್ಸಿಲ್ಲಕ್ಕ ಮರಣಪತ್ರವನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು.

"ಇನ್ಯಾರು, ಅಧ್ಯಕ್ಷರು," ಎಂದಳು.

ಆ ಹೆಂಗಸು ಒಂದು ಗಳಿಗೆಯೂ ಅನುಮಾನಪಡಲಿಲ್ಲ.

"ನಂಗೊತ್ತಿತ್ತು ಬಿಡಿ. ನೀವಾದ್ರೂ ಏನ್ಮಾಡ್ತೀರಿ, ಪಾಪ," ಎಂದು ಕಿಟಕಿಯೊಳಗೆ ಕೈ ತೂರಿಸಿ ಆಕೆಯ ಕೈಯನ್ನು ಮೆತ್ತಗೆ ಒತ್ತಿ, ಸಾಮಾನು ಕಟ್ಟಲು ಮನೆಗೆ ಹೋದಳು.