ಸೂರ್ಯನ ಫೋಟೋ ತೆಗೆಯುತ್ತಿದ್ದ ಯಜಮಾನರು

ಅವರ ಬಲಗಣ್ಣಿನ ಸುತ್ತ ಬಳೆ ಒತ್ತಿದಂತೆ ಒಂದು ಗುರುತಿರುತ್ತಿತ್ತು. ಬೆಳಿಗ್ಗೆ ಮೂಡಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮಾಸುತ್ತಿತ್ತು. ದೂರದರ್ಶಕಕ್ಕೆ ಕಣ್ಣೊತ್ತಿ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಗಂಟೆಗಟ್ಟಲೆ ಕೂರುವವರ ಮುಖದ ಗುರುತು ಅದು. ಮುಂಗೈಗಳಂತೂ ಬಿಸಿಲಿಗೆ ಸುಟ್ಟು ಬಾಳೆಕಾಯಿ ಸಿಪ್ಪೆ ಒಣಗಿದ ಹಾಗಾಗಿದ್ದವು.

ನಾನು ಹೊಸದುರ್ಗದ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಮನೆಯ ಕೆಳಭಾಗ. ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಿಂದ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಪಕ್ಕದ ಮನೆ ಅವರ ತಮ್ಮನದೇ. ತಂದೆಯ ಆಸ್ತಿ ಪಾಲಾದಾಗ ಹಿತ್ತಿಲ ಬಾವಿ ಯಾರಿಗೆ ಎಂಬ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಬಾವಿ ಬತ್ತಿ, ಮುಚ್ಚಿ, ಮೇಲೆ ಹುಲ್ಲು ಬೆಳೆದಿತ್ತು. ಮಾತು ಮಾತ್ರ ಹುಟ್ಟಿರಲಿಲ್ಲ.

ಬೆಳಿಗ್ಗೆ ಏಳಕ್ಕೆಲ್ಲ ಯಜಮಾನರು ಮಹಡಿಯ ಮೇಲೆ ಗೋಣಿಚೀಲ ಹಾಸಿ ನೀರು ಚಿಮುಕಿಸುತ್ತಿದ್ದರು. ಒಂದು ದಿನ ಯಾಕೆಂದು ಕೇಳಿದೆ.

"ತಾರಸಿ ಕಾದ್ರೆ ಗಾಳಿ ಕುದೀತೈತೆ ಟೀಚರಮ್ಮ. ಗಾಳಿ ಕುದ್ರೆ ಸೂರ್ಯ ನಡುಗ್ತಾನೆ, ಫೋಟೋ ಕೆಡ್ತೈತೆ. ಬರ್ರಿ, ನೋಡ್ರಿ."

ನಾನು ಬಗ್ಗುವ ಮೊದಲು ಅವರು ಫಿಲ್ಟರು ಗಟ್ಟಿಯಾಗಿ ಕೂತಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದರು. ಅದು ಹೈಡ್ರೋಜನ್ ಆಲ್ಫಾ ಫಿಲ್ಟರು. ಸೂರ್ಯನ ಉಳಿದ ಬೆಳಕನ್ನೆಲ್ಲ ತಡೆದು, ಹೈಡ್ರೋಜನ್ನಿನ ಒಂದೇ ಒಂದು ಕೆಂಪನ್ನು ಒಳಗೆ ಬಿಡುತ್ತದೆಯಂತೆ. ಕಣ್ಣಿಟ್ಟೆ. ಕೆಂಪು ಬಿಲ್ಲೆಯೊಂದು ಕಂಡಿತು. ಅದರ ಅಂಚಿನಲ್ಲಿ, ಕೂದಲೆಳೆಯಷ್ಟು ಸಣ್ಣದಾಗಿ, ಬೆಂಕಿಯ ಒಂದು ಕಮಾನು ನಿಂತಿತ್ತು.

"ಅದರ ಕೆಳಗೆ ನಮ್ಮ ಭೂಮಿ ಆರಾಮಾಗಿ ನುಸುಳ್ತೈತೆ" ಎಂದರು. ಆಮೇಲೆ ಸಣ್ಣಗೆ ನಕ್ಕರು. "ಡಾರ್ಕ್ ರೂಮಿನ ಕೆಂಪು ಬಲ್ಬಿನ ಕೆಳಗೆ ಫಿಲ್ಮ್ ತೊಳೆದೇ ಆಯಸ್ಸು ಕಳೀತು. ಈಗ್ಲೂ ಅದೇ ಕೆಂಪು. ಆದ್ರೆ ಇಲ್ಲಿ ಯಾರ್ದೂ ಮೂಳೆ ಮುರಿದಿರಲ್ಲ ನೋಡ್ರಿ."

ಪುಟ್ಟ ಕ್ಯಾಮೆರಾ ಸಿಕ್ಕಿಸಿ, ಒಂದೇ ನಿಮಿಷದಲ್ಲಿ ಸಾವಿರಾರು ಚಿತ್ರ ಹಿಡಿದು, ಅದರಲ್ಲಿ ನಡುಗದವನ್ನು ಆರಿಸಿ ಕೂಡಿಸುತ್ತಿದ್ದರು. ಅಂಚಿನ ಜ್ವಾಲೆ ಕಾಣಬೇಕಾದರೆ ನಡುವಿನ ಸೂರ್ಯ ಬೆಳ್ಳಗೆ ಬೆಂದುಹೋಗುತ್ತಿದ್ದ. "ಅಂಚು ಬೇಕಂದ್ರೆ ನಡುವಿನದ್ದು ಬಿಡ್ಬೇಕು" ಎನ್ನುತ್ತಿದ್ದರು. ಒಳ್ಳೆಯ ಚಿತ್ರಗಳ ಪ್ರಿಂಟು ಹಾಕಿಸಿ ಹಳೆಯ ಎಕ್ಸ್‌ರೇ ಕವರುಗಳಲ್ಲಿ ಇಡುತ್ತಿದ್ದರು. ರೋಗಿಯ ಹೆಸರು ಬರೆಯುವ ಜಾಗ ಖಾಲಿ, ಕೆಳಗೆ ತಾರೀಕು ಮಾತ್ರ. ಯಾರಿಗೂ ಕಳಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೇಲಿನಿಂದ ಕೂಗಿದರು: "ಟೀಚರಮ್ಮ, ಓಡಿ ಬರ್ರಿ! ದೊಡ್ಡ ಜ್ವಾಲೆ ಎದ್ದೈತೆ!" ನಾನು ಪರೀಕ್ಷೆಯ ಕೆಲಸಕ್ಕೆ ಸಿರಿಗೆರೆ ಬಸ್ಸು ಹಿಡಿಯಬೇಕಿತ್ತು. ಸಂಜೆ ಬರ್ತೀನಿ ಅಂದೆ. ಸಂಜೆ ಕೇಳಿದಾಗ, "ಕಾಲು ಗಂಟೆನೂ ಇರ್ಲಿಲ್ಲ. ಎದ್ದು, ಕಿತ್ಕಂಡು ಹೋತು" ಎಂದರು. ಬೇಸರವೇನೂ ತೋರಿಸಲಿಲ್ಲ. ಅದೇ ನನಗೆ ಕಷ್ಟವಾಯಿತು.

ಆ ವರ್ಷವೇ ಯಜಮಾನರ ತಮ್ಮ ಪಕ್ಕದ ಮಹಡಿಯ ಮೇಲೆ ಎತ್ತರಕ್ಕೆ ತಗಡಿನ ಶೀಟು ನಿಲ್ಲಿಸಿದರು. ಅವರ ಮನೆ ಮೂಡಣ ದಿಕ್ಕಿಗೆ. ಗಾಳಿ ತಣ್ಣಗಿರುವ ಹೊತ್ತೆಲ್ಲ ನಮ್ಮ ತಾರಸಿಗೆ ನೆರಳಾಯಿತು. ಯಜಮಾನರು ಜಗಳಕ್ಕೆ ಹೋಗಲಿಲ್ಲ. "ನನ್ ಮೇಲಿನ ಸಿಟ್ಟು ಇನ್ನೂ ಆರಿಲ್ಲ ಅವ್ನಿಗೆ. ಇರ್ಲಿ" ಎಂದು, ಅವತ್ತಿನಿಂದ ದೂರದರ್ಶಕವನ್ನು ಸ್ಕೂಟರಿಗೆ ಕಟ್ಟಿಕೊಂಡು ಊರಾಚೆಯ ಬಯಲಿಗೆ ಒಬ್ಬರೇ ಹೋಗತೊಡಗಿದರು.

ತಮ್ಮನ ಮೊಮ್ಮಗಳು ನನ್ನ ತರಗತಿಯಲ್ಲಿದ್ದಳು. ಪೋಷಕರ ಸಭೆಗೆ ಬಂದ ತಮ್ಮ, ಎಲ್ಲರೂ ಹೋದ ಮೇಲೂ ಉಳಿದು ಕೇಳಿದರು: "ನಿಮ್ಮನೆ ಮೇಲಿರೋ ಮನುಷ್ಯ ಬೆಳಿಗ್ಗೆ ಎದ್ದು ದುರ್ಬೀನು ಹಾಕ್ಕಂಡು ನಮ್ಮನೆ ಕಡೆ ಏನಮ್ಮ ನೋಡ್ತಿದ್ದ? ಹೆಣ್ಮಕ್ಳು ಓಡಾಡೋ ಮನೆ. ಅದಕ್ಕೇ ಶೀಟ್ ಹಾಕ್ಸಿದೆ."

"ಅವ್ರು ನೋಡ್ತಿದ್ದದ್ದು ಸೂರ್ಯನ್ನ. ನಿಮ್ಮನೆ ಆ ದಿಕ್ಕಿಗೈತೆ, ಅಷ್ಟೇ" ಎಂದೆ.

ಅವರು ಬೆಂಚಿನ ಮೇಲೆ ಕೂತುಬಿಟ್ಟರು. "ನಾನು ಹಿಂಗಂದೆ ಅಂತ ಅವ್ನಿಗೆ ಹೇಳ್ಬೇಡ ತಾಯಿ. ಯುಗಾದಿಗೆ ಬೇವು-ಬೆಲ್ಲ ಹಿಡ್ಕಂಡು ನಾನೇ ಬರ್ತೀನಿ" ಎಂದರು. ಹೇಳೋದಿಲ್ಲ ಎಂದು ಮಾತು ಕೊಟ್ಟೆ.

ಯುಗಾದಿಯ ದಿನ ಅವರು ಹೊಸ ಪಂಚೆ ಉಟ್ಟು ನಮ್ಮ ಗೇಟಿನವರೆಗೆ ಬಂದದ್ದನ್ನು ಕಿಟಕಿಯಿಂದ ಕಂಡೆ. ಚಿಲಕದ ಮೇಲೆ ಕೈಯಿಟ್ಟು ನಿಂತರು, ಹಿಂದಿರುಗಿದರು. ಅದಾದ ಕೆಲವು ದಿನಕ್ಕೆ ಯಜಮಾನರು ನನ್ನನ್ನು ಕೇಳಿದರು: "ಪಕ್ಕದ್ಮನೆಯವ್ನು ಆರಾಮಿದಾನೇನ್ರಿ?" ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೊಟ್ಟ ಮಾತಿದೆ, ಅವರೇ ಬರುತ್ತಾರೆ ಎಂದುಕೊಂಡು, "ಆರಾಮಿದಾರೆ" ಎಂದಷ್ಟೇ ಹೇಳಿದೆ.

ಆಷಾಢದ ಗಾಳಿಗೆ ದೂರದರ್ಶಕ ನಿಲ್ಲುತ್ತಿರಲಿಲ್ಲ. ಫೋಟೋ ಇಲ್ಲದ ದಿನಗಳು. ಅಂಥದೊಂದು ಮಧ್ಯಾಹ್ನ ಉಂಡು ಮಲಗಿದ ಯಜಮಾನರು ಏಳಲಿಲ್ಲ. ಮಣ್ಣು ಮಾಡುವ ಕೆಲಸವನ್ನೆಲ್ಲ ತಮ್ಮನೇ ಮುಂದೆ ನಿಂತು ಮಾಡಿದರು.

ಕಾರ್ಯ ಮುಗಿದ ಮಾರನೇ ದಿನ ಅವರು ನಮ್ಮ ಮೆಟ್ಟಿಲು ಹತ್ತಿ ಬಂದರು. "ಅದೇನು ನೋಡ್ತಿದ್ದ, ನಂಗೂ ತೋರ್ಸಮ್ಮ."

ಗಾಳಿ ಸ್ವಲ್ಪ ತಗ್ಗಿತ್ತು, ಸೂರ್ಯ ಶೀಟು ದಾಟಿ ಮೇಲೇರಿದ್ದ. ತಾರಸಿಯ ಮೇಲೆ ದೂರದರ್ಶಕ ನಿಲ್ಲಿಸಿದೆ. ಫಿಲ್ಟರನ್ನು ಎರಡು ಸಲ ಮುಟ್ಟಿ ನೋಡಿ ಸೂರ್ಯನ ಕಡೆ ತಿರುಗಿಸಿದೆ. ಅವರು ಕಣ್ಣಿಟ್ಟರು. ತುಂಬ ಹೊತ್ತು ಏಳಲಿಲ್ಲ. ಬೆನ್ನು ಅಲುಗುತ್ತಿತ್ತು. ಕೊನೆಗೆ ಮುಖ ಎತ್ತದೆಯೇ, "ಒಂದು ಮಾತು ಕೇಳ್ಬೋದಿತ್ತಮ್ಮ ನಾನು" ಎಂದರು.

ಒಂದು ಮಾತು ಹೇಳಬಹುದಾಗಿದ್ದ ನಾನು ಅವರ ಪಕ್ಕದಲ್ಲೇ ನಿಂತಿದ್ದೆ.